ಕೀ ಕೊಡುವ ಗಡಿಯಾರ: ಕೊಳ್ಳುವುದೂ ಕಾಯುವುದೂ

ಗಡಿಯಾರ ಎಂಬ ನಮ್ಮ ಮಾತಿಗೆ ಮೂಲ ಘಟಿ ಅಥವಾ ಘಟಿಕಾ ಎಂಬ ಸಂಸ್ಕೃತ ಶಬ್ದ. ಘಟವೆಂದರೆ ಪಾತ್ರೆ. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವ ಅವಧಿಯನ್ನು ಒಂದು ಗಳಿಗೆಯೆಂದು ಎಣಿಸುತ್ತಿದ್ದರು. ಇಂದಿನ ಲೆಕ್ಕದಲ್ಲಿ ಅದು 24 ನಿಮಿಷ. ಅಂಥ 60 ಗಳಿಗೆಗಳು ಕೂಡಿದರೆ ಒಂದು ಹಗಲು, ಒಂದು ಇರುಳು. ಮದುವೆಯ ಮುಹೂರ್ತವನ್ನು ಸಾಧಿಸುವುದಕ್ಕೂ ಹಿಂದೆ ಗಳಿಗೆ ಬಟ್ಟಲನ್ನೇ ಇಡುತ್ತಿದ್ದರು. ಬಟ್ಟಲು ಮುಳುಗಿದೊಡನೆ ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡಲು ಒಬ್ಬನು ಪಕ್ಕದಲ್ಲಿಯೇ ಎಚ್ಚರವಾಗಿ ಕುಳಿತಿರಬೇಕಾಗಿತ್ತು. ಅವನು ತೂಕಡಿಸಿದರೆ ಕಾಲದ ಲೆಕ್ಕವೂ ತಪ್ಪುತ್ತಿತ್ತು. ಹೀಗೆ ಕಾಲವನ್ನು ಅಳೆಯುವ ಸಾಧನವು ತನ್ನನ್ನು ಕಾಯುವ ಮನುಷ್ಯನೊಬ್ಬನನ್ನು ಮೊದಲಿನಿಂದಲೂ ಬೇಡುತ್ತ ಬಂದಿದೆ. ದಿನವೂ ಬೆಳಿಗ್ಗೆ ಕೀ ಕೊಡಬೇಕಾದ ಕೈಗಡಿಯಾರವೂ ಈ ಬಟ್ಟಲಿನ ವಂಶಕ್ಕೇ ಸೇರಿದ್ದು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. ಮೊಬೈಲು ಬಂದ ಮೇಲೆ ಕೈಗಡಿಯಾರ ಕಟ್ಟುವವರು ಕಡಿಮೆಯಾದರು. ಅದೇ ಕಾಲದಲ್ಲಿ, ಬ್ಯಾಟರಿಯಿಲ್ಲದೆ ಕೇವಲ ಸ್ಪ್ರಿಂಗಿನ ಬಲದಿಂದ ನಡೆಯುವ ಯಾಂತ್ರಿಕ ಗಡಿಯಾರಗಳಿಗೆ ಲಕ್ಷಗಟ್ಟಲೆ ಹಣ ತೆರುವವರು ಹೆಚ್ಚಾದರು. ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮನೆಗಳ ಮಕ್ಕಳೂ ಸ್ವಿಸ್ ಗಡಿಯಾರವೊಂದನ್ನು ಕೊಳ್ಳಬೇಕೆಂದು ಮಾತನಾಡುವುದನ್ನು ಕೇಳುತ್ತಿದ್ದೇವೆ. ಅತ್ತ ಊರಿನ ಮನೆಯ ಬೀರುವಿನಲ್ಲಿ ತಾತನ ಗಡಿಯಾರವು ಹಳೆಯ ಪತ್ರಗಳ ನಡುವೆ ನಿಂತುಹೋಗಿ ಮಲಗಿದೆ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಮೈಸೂರು ಸೀಮೆಯವರಿಗೆ ಗಡಿಯಾರವೆಂದೊಡನೆ ನೆನಪಾಗುವುದು ಅರಮನೆಯ ಸಮೀಪದ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ನೆನಪಿಗಾಗಿ ಅರಮನೆಯ ನೌಕರರು ಹಣ ಕೂಡಿಸಿ 1927ರಲ್ಲಿ ಕಟ್ಟಿಸಿದ ಗೋಪುರವದು. ಅದರ ಮುಖದ ಮೇಲಿನ ಅಂಕಿಗಳು ಕನ್ನಡದವು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ಕಚೇರಿಗೋ ಆಸ್ಪತ್ರೆಗೋ ಮೈಸೂರಿಗೆ ಹೋದವರು ಅದನ್ನು ನೋಡಿಕೊಂಡು ಊರಿನ ಕೊನೆಯ ಬಸ್ಸಿನ ಲೆಕ್ಕ ಹಾಕುತ್ತಿದ್ದರು. ಹಳ್ಳಿಗಳಲ್ಲಿ ಕೈಗಡಿಯಾರ ಕಟ್ಟಿದವರು ಮೇಷ್ಟ್ರು, ಕಂಡಕ್ಟರು, ಸೇನೆಯಿಂದ ರಜೆಗೆ ಬಂದವರು ಹೀಗೆ ಕೆಲವರೇ. ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯಲ್ಲಿ ಬಸ್ಸಿಗಾಗಿ ನಿಂತವರು (ಕೈಮರವೆಂಬ ನಮ್ಮ ಒಳ್ಳೆಯ ಮಾತಿರುವಾಗ ಆ ಊರಿಗೆ ಇಂಗ್ಲಿಷಿನ ಹೆಸರೇ ಅಂಟಿಕೊಂಡಿತು) ಅಂಥವರನ್ನು ಕಂಡರೆ ‘ಗಂಟೆ ಎಷ್ಟಾಯ್ತು ಸ್ವಾಮಿ?’ ಎಂದು ಕೇಳುವುದು ವಾಡಿಕೆಯಾಗಿತ್ತು. ಕೇಳಿಸಿಕೊಂಡವನು ತೋಳನ್ನು ಕೊಂಚ ಹೆಚ್ಚಾಗಿಯೇ ಸರಿಸಿ ಉತ್ತರ ಕೊಡುತ್ತಿದ್ದನು. ಆಗಿನ ಮಟ್ಟಿಗೆ ಅದೂ ಐಶ್ವರ್ಯವೇ.

ಆ ಐಶ್ವರ್ಯವನ್ನು ಸಾಮಾನ್ಯರ ಮುಂಗೈಗೆ ತಂದುಕೊಟ್ಟದ್ದು ಬೆಂಗಳೂರು. 1953ರಲ್ಲಿ ಅಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್, ಕಾಂಚನ್ ಎಂಬ ಹೆಸರುಗಳನ್ನು ಕೇಳಿದರೆ ಐವತ್ತು ದಾಟಿದ ಯಾವ ಓದುಗರಿಗೂ ಒಂದಲ್ಲ ಒಂದು ಮುಖ ನೆನಪಾಗದಿರದು. ಅಂಧರು ಬೆರಳಿನಿಂದ ಮುಟ್ಟಿ ವೇಳೆ ತಿಳಿಯುವ ಬ್ರೈಲ್ ಗಡಿಯಾರವನ್ನೂ ಆ ಸಂಸ್ಥೆ ಮಾಡಿತು. ನಮ್ಮ ತಾಲೂಕುಗಳಲ್ಲಿ ಹೊಗೆಸೊಪ್ಪು ಬೆಳೆದು ನಾಲ್ಕು ಕಾಸು ಕಂಡ ರೈತನು ಸೈಕಲ್ಲು, ರೇಡಿಯೋಗಳ ಜೊತೆಗೆ ಕೊಂಡದ್ದು ಎಚ್‌ಎಂಟಿಯನ್ನೇ. ಬ್ಯಾರನ್ನಿನ ಬೇಗೆಯನ್ನು ಹಂತಹಂತವಾಗಿ ಏರಿಸುತ್ತ ರಾತ್ರಿಯಿಡೀ ಎದ್ದಿರಬೇಕಾದವನಿಗೆ ಅದು ಶೋಕಿಗಿಂತ ಅಗತ್ಯಕ್ಕೆ ಒದಗಿತು.

ಇಲ್ಲಿ ಕಹಿಯಾದ ಒಂದು ಮಾತನ್ನೂ ಹೇಳದೆ ಹೋಗಲಾಗದು. ಚಿನ್ನದ ಲೇಪನವುಳ್ಳ, ವಾರ ತಾರೀಖುಗಳನ್ನು ತೋರುವ, ಕೈಯ ಚಲನೆಯಿಂದಲೇ ಕೀ ತುಂಬಿಕೊಳ್ಳುವ ಕಾಂಚನ್ ಗಡಿಯಾರವು ಮದುವೆಯ ಗಡಿಯಾರವೆಂದೇ ಹೆಸರಾಯಿತು. ವಾಚು, ಉಂಗುರ, ಸೂಟು ಎಂದು ಬೀಗರು ಪಟ್ಟಿ ಹೇಳುವಾಗ ವಾಚು ಮೊದಲನೆಯದಾಗಿರುತ್ತಿತ್ತು. ಅಂಗಡಿಯಲ್ಲಿ ಸಿಗದೆ, ನಿಗದಿಯ ಬೆಲೆಗಿಂತ ಹೆಚ್ಚು ತೆತ್ತು, ಗುರುತಿನವರ ಕೈಕಾಲು ಹಿಡಿದು ಹೆಣ್ಣಿನ ತಂದೆ ಅದನ್ನು ತರಬೇಕಾಗಿತ್ತು. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದೂ 1961ರಲ್ಲಿಯೇ. ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆ ತೆರೆದದ್ದೂ ಅದೇ ವರ್ಷ. ಕಾಯಿದೆಯು ಪುಸ್ತಕದಲ್ಲಿ ಉಳಿಯಿತು, ಗಡಿಯಾರವು ಮದುವೆಯ ಮಂಟಪಕ್ಕೆ ಬಂದಿತು. ಇಂದು ನಮ್ಮ ಬೀರುಗಳಲ್ಲಿರುವ ಎಷ್ಟೋ ಗಡಿಯಾರಗಳು ಒಬ್ಬ ತಂದೆಯ ಸಾಲದ ಗುರುತುಗಳೂ ಆಗಿವೆಯೆಂಬುದನ್ನು ನಾವು ನೆನೆಯಬೇಕು. ಇಂದಿನ ಬೀಗರು ಎಚ್‌ಎಂಟಿ ಕೇಳುವುದಿಲ್ಲ, ನಿಜ. ಕೆಲವು ಕಡೆ ಅದರ ಜಾಗದಲ್ಲಿ ವಿದೇಶಿ ಗಡಿಯಾರದ ಹೆಸರು ಬಂದಿದೆಯಷ್ಟೆ. ಪ್ರೀತಿಯಿಂದ ತಾನಾಗಿ ಕೊಟ್ಟದ್ದಕ್ಕೂ ಕೇಳಿ ಪಡೆದದ್ದಕ್ಕೂ ಇರುವ ಅಂತರವನ್ನು ಹಿರಿಯರಿಗೆ ವಿವರಿಸಬೇಕಾಗಿಲ್ಲ.

ಇರಲಿ. ಅಂಥ ಗಡಿಯಾರದ ಒಳಗೆ ನಡೆಯುವುದೇನು? ಪಕ್ಕದ ಕೀ ತಿರುಗಿಸಿದಾಗ ಒಳಗಿನ ಉಕ್ಕಿನ ಪಟ್ಟಿಯೊಂದು ಸುರುಳಿಯಾಗಿ ಬಿಗಿಯುತ್ತದೆ. ಅದು ಬಿಚ್ಚಿಕೊಳ್ಳುವ ಬಲವೇ ಗಡಿಯಾರದ ಪ್ರಾಣ. ಒಮ್ಮೆಗೇ ಬಿಚ್ಚಿಕೊಂಡರೆ ಮುಳ್ಳುಗಳು ಗಿರ್ರನೆ ತಿರುಗಿ ನಿಂತುಬಿಡುತ್ತವೆ. ಆದುದರಿಂದ ಆ ಬಲವನ್ನು ತುಣುಕುತುಣುಕಾಗಿ ಬಿಡುವ ವ್ಯವಸ್ಥೆ ಬೇಕು. ಕೂದಲೆಳೆಯಂಥ ಇನ್ನೊಂದು ಸುರುಳಿಗೆ ಕಟ್ಟಿದ ಪುಟ್ಟ ಚಕ್ರವು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತ, ಪ್ರತಿ ತೂಗಿಗೂ ಒಂದೊಂದು ಹಲ್ಲನ್ನು ಮುಂದೆ ಬಿಡುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಸದ್ದು ಅದೇ. ಕೂದಲೆಳೆಯ ಸುರುಳಿಯನ್ನು ಗಡಿಯಾರಕ್ಕೆ ಅಳವಡಿಸಿದ ಕೀರ್ತಿ 1675ರಲ್ಲಿ ಹಾಲೆಂಡಿನ ವಿಜ್ಞಾನಿ ಹೈಗೆನ್ಸನಿಗೆ ಸಲ್ಲುತ್ತದೆ. ಎಚ್‌ಎಂಟಿಯ ಜನತಾ, ಪೈಲಟ್‌ಗಳಲ್ಲಿ ಈ ಚಕ್ರವು ಸೆಕೆಂಡಿಗೆ ಐದು ಬಾರಿಯಂತೆ ದಿನಕ್ಕೆ 4,32,000 ಸಲ ಬಡಿಯುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಹದಿನೈದು ಕೋಟಿಯನ್ನು ಮೀರುತ್ತದೆ. ಇಷ್ಟು ದುಡಿಯುವ ಯಂತ್ರಕ್ಕೆ ಅಲ್ಲಲ್ಲಿ ಸೂಜಿಮೊನೆಯಷ್ಟು ಎಣ್ಣೆ ಬಿಟ್ಟರೆ ಬೇರೆ ಆಹಾರವಿಲ್ಲ.

ಗಡಿಯಾರದ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದನ್ನು ಕಂಡು, ಒಳಗೆ ಹದಿನೇಳು ಮಾಣಿಕ್ಯಗಳಿವೆ, ಬಿಚ್ಚಿಸಿದರೆ ರಿಪೇರಿಯವನು ತೆಗೆದುಕೊಂಡುಬಿಡುತ್ತಾನೆ ಎಂದು ಹೆದರುವ ಮನೆಗಳು ಈಗಲೂ ಇವೆ. ಹರಳುಗಳಿರುವುದು ನಿಜ, ಅವು ಕೆಂಪಾಗಿರುವುದೂ ನಿಜ. ಆದರೆ ಅವು ಕಾರ್ಖಾನೆಯಲ್ಲಿ ಕೃತಕವಾಗಿ ಬೆಳೆಸಿದ, ಅಕ್ಕಿನುಚ್ಚಿಗಿಂತ ಚಿಕ್ಕದಾದ ಹರಳುಗಳು. ಚಕ್ರದ ಅಚ್ಚು ಲೋಹಕ್ಕೆ ಉಜ್ಜಿ ಸವೆಯಬಾರದೆಂದು ಅವನ್ನು ಕೂರಿಸುತ್ತಾರೆ. ಮಾರಿದರೆ ಏನೂ ಹುಟ್ಟದು. ಈ ಹೆದರಿಕೆಯಿಂದ ಗಡಿಯಾರವನ್ನು ಬಿಚ್ಚಿಸದೆಯೇ ಇಟ್ಟು, ಎಣ್ಣೆ ಒಣಗಿ ಅಂಟಾಗಿ, ಒಳಗಿನ ಚಕ್ರಗಳನ್ನು ಸವೆಯಿಸಿಕೊಂಡವರು ಎಷ್ಟೋ ಮಂದಿ.

ಇನ್ನು ಪಾಲನೆಯ ವಿಚಾರ. ಕೀ ಕೊಡುವ ಗಡಿಯಾರಕ್ಕೆ ಪ್ರತಿದಿನವೂ ಒಂದೇ ವೇಳೆಯಲ್ಲಿ ಕೀ ಕೊಡುವುದು ಲೇಸು. ಬೆಳಿಗ್ಗೆ ಸ್ನಾನ, ಪೂಜೆಗಳು ಮುಗಿದ ಬಳಿಕ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಗಡಿಯಾರವನ್ನು ಕೈಯಿಂದ ಬಿಚ್ಚಿ ಕೀ ಕೊಡಬೇಕು. ಕಟ್ಟಿಕೊಂಡೇ ತಿರುಗಿಸಿದರೆ ಕೀ ಒಂದು ಮಗ್ಗುಲಿಗೆ ಒತ್ತಿ ಅದರ ಕಡ್ಡಿ ಬಾಗುತ್ತದೆ. ಸುಮಾರು ಇಪ್ಪತ್ತೈದು ಮೂವತ್ತು ತಿರುವುಗಳಾದ ಮೇಲೆ ಬೆರಳಿಗೆ ತಡೆ ಸಿಗುತ್ತದೆ. ಅಲ್ಲಿಗೆ ನಿಲ್ಲಿಸತಕ್ಕದ್ದು. ಆ ತಡೆಯನ್ನು ಮೀರಿ ತಿರುಗಿಸುವುದು, ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆಯೂ ಅಲ್ಲ, ಕೊಡವನ್ನೇ ಒಡೆದ ಹಾಗೆ. ಕಾಂಚನ್‌ನಂಥ ಸ್ವಯಂಚಾಲಿತ ಗಡಿಯಾರಗಳಲ್ಲಿ ಅರ್ಧಚಂದ್ರಾಕಾರದ ತೂಕವೊಂದು ಕೈ ಆಡಿದಂತೆ ತಿರುಗಿ ಸ್ಪ್ರಿಂಗನ್ನು ತುಂಬುತ್ತದೆ. ಹೊಲದಲ್ಲಿ ಕೆಲಸ ಮಾಡುವವನ ಕೈಯಲ್ಲಿ ಅದು ಚೆನ್ನಾಗಿ ನಡೆದು, ದಿನವಿಡೀ ಕುರ್ಚಿಯಲ್ಲಿ ಕುಳಿತವನ ಕೈಯಲ್ಲಿ ರಾತ್ರಿಗೆ ನಿಲ್ಲುವುದುಂಟು. ದೋಷ ಗಡಿಯಾರದ್ದಲ್ಲ!

ವಾರ, ತಾರೀಖು ತೋರುವ ಗಡಿಯಾರಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖನ್ನು ಕೈಯಿಂದ ಬದಲಾಯಿಸಬಾರದು. ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ತಾವೇ ತಾರೀಖನ್ನು ತಳ್ಳಲು ಕಚ್ಚಿಕೊಂಡಿರುತ್ತವೆ. ನಾವು ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ಸ್ಪೀಕರು, ಮೊಬೈಲು, ಅಯಸ್ಕಾಂತದ ಬೀಗವಿರುವ ಕೈಚೀಲ ಇವುಗಳ ಮೇಲೆ ಗಡಿಯಾರವನ್ನಿಡಬಾರದು. ಕೂದಲೆಳೆಯ ಸುರುಳಿಗೆ ಅಯಸ್ಕಾಂತದ ಗುಣ ಹತ್ತಿದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿ ಗಡಿಯಾರ ಹುಚ್ಚೆದ್ದು ಓಡುತ್ತದೆ. ಇದನ್ನು ರಿಪೇರಿಯವರು ಒಂದು ಪುಟ್ಟ ಉಪಕರಣದಿಂದ ನಿಮಿಷದಲ್ಲಿ ಸರಿಪಡಿಸಬಲ್ಲರು. ಹಳೆಯ ಎಚ್‌ಎಂಟಿಗೆ ನೀರು ಪರಮ ಶತ್ರು. ಬಚ್ಚಲಿನ ಹಬೆಯೂ ಸಾಕು, ಗಾಜಿನೊಳಗೆ ಮಂಜು ಕಟ್ಟುತ್ತದೆ. ಹಾಗೆ ಕಟ್ಟಿದ ದಿನವೇ ಬಿಚ್ಚಿಸಬೇಕು. ವಾರ ಬಿಟ್ಟರೆ ಉಕ್ಕು ತುಕ್ಕು ಹಿಡಿಯುತ್ತದೆ. ಔಷಧಿ ಸಿಂಪಡಿಸುವಾಗ, ಬ್ಯಾರನ್ನಿಗೆ ಬೆಂಕಿ ಹಾಕುವಾಗ ಗಡಿಯಾರವನ್ನು ಬಿಚ್ಚಿಟ್ಟರೆ ಒಳಿತು. ಬೆವರಿನ ಉಪ್ಪು ಹಿಂದಿನ ಮುಚ್ಚಳವನ್ನು ತಿನ್ನುತ್ತದೆಯಾದುದರಿಂದ ಮಲಗುವ ಮುನ್ನ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿಡಬೇಕು. ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಕೀಯ ಸಂದಿಗೆ ಬಿಡುವ ಹಳ್ಳಿಯ ವೈದ್ಯವನ್ನು ಮಾತ್ರ ಯಾರೂ ಮಾಡಬಾರದು. ಎಣ್ಣೆ ಹರಿದು ಕೂದಲೆಳೆಯ ಸುರುಳಿಗೆ ತಾಗಿದರೆ ಗಡಿಯಾರ ಕೆಟ್ಟಂತೆಯೇ.

ನಾಲ್ಕೈದು ವರ್ಷಕ್ಕೊಮ್ಮೆ, ಸರಿಯಾಗಿ ನಡೆಯುತ್ತಿದ್ದರೂ ಕೂಡ, ಗಡಿಯಾರವನ್ನು ಪೂರ್ಣವಾಗಿ ಬಿಚ್ಚಿಸಿ ತೊಳೆಸಿ ಎಣ್ಣೆ ಹಾಕಿಸಬೇಕು. ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾಗುವುದು ಹಳೆಯ ಗಡಿಯಾರದಲ್ಲಿ ಸಹಜ. ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆಗೊಳಪಟ್ಟು ಪ್ರಮಾಣಪತ್ರ ಪಡೆದ ಬೆಲೆಬಾಳುವ ಯಂತ್ರಗಳಿಗೇ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಎಂಬ ರಿಯಾಯಿತಿಯುಂಟು. ಅಂಗಡಿಯಲ್ಲಿ ಸಿಗುವ ಅಗ್ಗದ ಬ್ಯಾಟರಿ ಗಡಿಯಾರವು ಅದಕ್ಕಿಂತ ನಿಖರ. ಏಕೆಂದರೆ ಅದರೊಳಗಿನ ಕ್ವಾರ್ಟ್ಜ್ ಸ್ಫಟಿಕವು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೋ ಕಂಪನಿ ಅಂಥ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ ಸ್ವಿಟ್ಜರ್ಲೆಂಡಿನ ಕುಶಲಕರ್ಮಿಗಳು ಸಾವಿರಾರು ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು. ನಮ್ಮ ನೆರೆಯ ಹೊಸೂರಿನಲ್ಲಿ 1980ರ ದಶಕದಲ್ಲಿ ಟೈಟಾನ್ ಆರಂಭವಾದಾಗ ಬೆಂಗಳೂರಿನ ಎಚ್‌ಎಂಟಿಗೂ ಅದೇ ಗತಿ ಒದಗಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ನೆಲ ಇಸ್ರೋ ಸಂಸ್ಥೆಗೆ ಹೋಯಿತು. ಮೂಲ ಸಂಸ್ಥೆಯು ಇಂದಿಗೂ ಬೆಂಗಳೂರಿನಿಂದ ಅದೇ ಹೆಸರಿನ ಗಡಿಯಾರಗಳನ್ನು ಮಾರುತ್ತಿದೆ. ಜಾಲಹಳ್ಳಿಯಲ್ಲಿ ಅದರ ವಸ್ತುಸಂಗ್ರಹಾಲಯವೂ ಇದೆ. ಮಕ್ಕಳನ್ನು ಕರೆದೊಯ್ದು ತೋರಿಸಲು ಯೋಗ್ಯವಾದ ಸ್ಥಳ.

ಕಾರ್ಖಾನೆ ಮುಚ್ಚಿದರೂ ಹಳೆಯ ಎಚ್‌ಎಂಟಿಗಳು ಇನ್ನೂ ಬದುಕಿರುವುದು ರಿಪೇರಿಯವರ ಕೃಪೆಯಿಂದ. ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಮೊಣಕಾಲೆತ್ತರದ ಗಾಜಿನ ಪೆಟ್ಟಿಗೆಯ ಹಿಂದೆ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮಟದಿಂದ ಧೂಳಿನ ಕಣದಂಥ ತಿರುಪನ್ನು ಎತ್ತುವ ಈ ಜನರ ಕಾಯಕವನ್ನು ನಮ್ಮ ಬರಹಗಾರರು ಗಮನಿಸಿದ್ದು ಕಡಿಮೆ. ಉಸಿರು ಬಿಗಿಹಿಡಿದು ಮಾಡಬೇಕಾದ ಕೆಲಸವದು. ಸೀನಿದರೆ ಒಂದು ದಿನದ ಶ್ರಮ ಹಾಳು. ಬಿಡಿಭಾಗಗಳು ಹೊಸದಾಗಿ ಸಿಗದ ಕಾರಣ ಸತ್ತ ಗಡಿಯಾರಗಳಿಂದ ಭಾಗ ತೆಗೆದು ಬದುಕಿದವಕ್ಕೆ ಹಾಕುತ್ತಾರೆ. ಜನತಾ, ಪೈಲಟ್ ಮೊದಲಾದ ಹಲವು ಮಾದರಿಗಳ ಒಳಗಿನ ಯಂತ್ರ ಒಂದೇ ಕುಲದ್ದಾದುದರಿಂದ ಇದು ಸಾಧ್ಯವಾಗಿದೆ. ಆದರೆ ಅವರ ಮಕ್ಕಳು ಮೊಬೈಲು ರಿಪೇರಿಗೆ ಹೋದರು. ಈಗ ಅನೇಕ ಅಂಗಡಿಗಳಲ್ಲಿ ಬ್ಯಾಟರಿ, ಬೆಲ್ಟು ಬದಲಾಯಿಸುವವರೇ ಉಳಿದಿದ್ದು, ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲ ಹಿರಿಯರು ತಾಲೂಕಿಗೆ ಒಬ್ಬಿಬ್ಬರು ಸಿಕ್ಕರೆ ನಮ್ಮ ಪುಣ್ಯ. ಅಂಥವರೊಡನೆ ಹತ್ತಿಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುವವರನ್ನು ಕಂಡಾಗ ಈ ಲೇಖಕನಿಗೆ ಸಂಕಟವಾಗುತ್ತದೆ.

ಈಗ ಲಕ್ಷದ ಗಡಿಯಾರದ ಮಾತು. ಅದನ್ನು ಕೊಳ್ಳಬಾರದೆಂದು ಹೇಳುವ ಅಧಿಕಾರ ನಮಗಿಲ್ಲ. ಗಾಂಧೀಜಿಯವರ ಸೊಂಟದಲ್ಲಿ ತೂಗುತ್ತಿದ್ದುದೂ ಜೆನಿತ್ ಎಂಬ ಸ್ವಿಸ್ ಗಡಿಯಾರವೇ. 2009ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಗಡಿಯಾರ, ಕನ್ನಡಕ, ಚಪ್ಪಲಿ, ತಟ್ಟೆ ಬಟ್ಟಲುಗಳನ್ನು ಹರಾಜಿಗಿಟ್ಟಾಗ ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ 18 ಲಕ್ಷ ಡಾಲರುಗಳಿಗೆ ಅವನ್ನು ಕೊಂಡರು. ಗಾಂಧೀಜಿಯವರಿಗೆ ಮಾತ್ರ ಆ ಗಡಿಯಾರದಿಂದ ಬೇಕಾಗಿದ್ದದ್ದು ಪ್ರಾರ್ಥನೆಯ ವೇಳೆ ತಪ್ಪಬಾರದೆಂಬುದಷ್ಟೆ. ಕೊಳ್ಳುವ ಮುನ್ನ ವಿಚಾರಿಸಬೇಕಾದ ಮುಖ್ಯ ಸಂಗತಿಯೆಂದರೆ, ಇದನ್ನು ಬಿಚ್ಚಿ ಎಣ್ಣೆ ಹಾಕುವವರು ಯಾರು, ಎಲ್ಲಿ, ಎಷ್ಟು ಹಣಕ್ಕೆ ಎಂಬುದು. ದೊಡ್ಡ ಹೆಸರಿನ ಸ್ವಿಸ್ ಗಡಿಯಾರವನ್ನು ಊರಿನ ರಿಪೇರಿಯವರು ಮುಟ್ಟಲು ಒಪ್ಪುವುದಿಲ್ಲ. ಒಪ್ಪಿದರೂ ಭಾಗಗಳು ಅವರಿಗೆ ಸಿಗುವುದಿಲ್ಲ. ಕಂಪನಿಯೇ ನೇಮಿಸಿದ ಮಹಾನಗರದ ಕೇಂದ್ರಕ್ಕೆ ಕಳುಹಿಸಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಒಂದು ಸಲದ ಸೇವೆಗೆ ತೆರುವ ಹಣದಲ್ಲಿ ನಾಲ್ಕಾರು ಹಳೆಯ ಎಚ್‌ಎಂಟಿಗಳನ್ನು ಕೊಳ್ಳಬಹುದು. ಬಹುತೇಕ ಕಂಪನಿಗಳು ಐದರಿಂದ ಹತ್ತು ವರ್ಷಕ್ಕೊಮ್ಮೆ ಈ ಸೇವೆ ಅಗತ್ಯವೆನ್ನುತ್ತವೆ. ಆನೆ ಕೊಳ್ಳುವ ಹಣವಿದ್ದರೆ ಸಾಲದು, ಅದನ್ನು ಸಾಕುವ ಹಣವೂ ಮಾವುತನೂ ಬೇಕಷ್ಟೆ. ಗಡಿಯಾರದಲ್ಲಿ ಹಣ ಹೂಡಿದರೆ ಬೆಳೆಯುತ್ತದೆಂದು ಹೇಳುವ ಮಾರಾಟಗಾರರ ಮಾತನ್ನು ನಂಬಿ ಹೊಲ ಅಡವಿಟ್ಟವರು ಯಾರೂ ಆಗದಿರಲಿ. ಕೆಲವೇ ಕೆಲವು ಮಾದರಿಗಳ ಹೊರತು ಉಳಿದವು ಅಂಗಡಿಯ ಬಾಗಿಲು ದಾಟಿದೊಡನೆ ಬೆಲೆ ಕಳೆದುಕೊಳ್ಳುತ್ತವೆ.

ಇದಕ್ಕೆ ಪ್ರತಿಯಾಗಿ, ಬೀರುವಿನಲ್ಲಿರುವ ಗಡಿಯಾರಕ್ಕೆ ಈಗ ಹೊರಗಡೆ ಬೇಡಿಕೆ ಬಂದಿದೆ. ಪೈಲಟ್, ಜವಾನ್, ದೇವನಾಗರಿ ಅಂಕಿಗಳ ಜನತಾ ಇವುಗಳನ್ನು ವಿದೇಶಗಳಲ್ಲಿಯೂ ಹುಡುಕಿ ಕೊಳ್ಳುವವರಿದ್ದಾರೆ. ಬೇಡಿಕೆಯ ಹಿಂದೆಯೇ ಮೋಸವೂ ಬಂದಿತು. ಹಳೆಯ ಡಯಲಿನ ಬಣ್ಣ ಕೆರೆದು, ಕೆಂಪು, ಹಸಿರು, ಕಿತ್ತಳೆ ಬಣ್ಣಗಳನ್ನು ಬಳಿದು, ಕಾರ್ಖಾನೆ ಎಂದೂ ಮಾಡದ ಮಾದರಿಗಳನ್ನು ಹೊಸದೆಂದು ಮಾರುತ್ತಾರೆ. ಅಕ್ಷರಗಳು ದಪ್ಪವಾಗಿ, ಸೊಟ್ಟಗೆ ಇದ್ದರೆ, ನಿಮಿಷದ ಗೆರೆಗಳು ಅಂಚಿಗೆ ಸರಿಹೊಂದದಿದ್ದರೆ ಅದು ಮರುಬಣ್ಣದ ಡಯಲೆಂದು ತಿಳಿಯಬೇಕು. ಇನ್ನೊಂದು ಬಗೆಯ ನಷ್ಟವೂ ಉಂಟು. ನಮ್ಮ ಪರಿಚಯದ ಮನೆಯೊಂದರವರು ತಂದೆಯ ಗಡಿಯಾರವನ್ನು ನಗರದ ಅಂಗಡಿಯೊಂದಕ್ಕೆ ಕೊಟ್ಟರು. ಹಿಂತಿರುಗಿ ಬಂದಾಗ ಅದರ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗಿನ ಯಂತ್ರ ಮಾತ್ರ ಬೇರೆಯದಾಗಿತ್ತು. ಮೂವತ್ತು ವರ್ಷ ತಂದೆಯ ಕೈಯಲ್ಲಿ ಮಿಡಿದ ಚಕ್ರಗಳು ಎಲ್ಲಿ ಹೋದುವೋ! ಹಳದಿಗಟ್ಟಿದ ಡಯಲು, ಗೀರುಬಿದ್ದ ಮುಚ್ಚಳ ಇವು ಗಡಿಯಾರದ ವಯಸ್ಸು. ಅವನ್ನು ಅಳಿಸಬೇಡಿರೆಂದು ಮೊದಲೇ ಹೇಳಬೇಕು. ಪ್ಲಾಸ್ಟಿಕ್ ಗಾಜು ಮಸುಕಾಗಿದ್ದರೆ ಬದಲಾಯಿಸಬಹುದು, ಅದರಿಂದ ಹಾನಿಯಿಲ್ಲ.

ಬಹಳ ಕಾಲ ನಿಂತಿದ್ದ ಗಡಿಯಾರವನ್ನು ಬೀರುವಿನಿಂದ ತೆಗೆದವರು ಉತ್ಸಾಹದಿಂದ ಒಡನೆಯೇ ಕೀ ಕೊಡಬಾರದು. ಒಣಗಿದ ಎಣ್ಣೆಯ ಮೇಲೆ ಚಕ್ರಗಳು ಓಡಿದರೆ ಅಚ್ಚುಗಳು ಸವೆಯುತ್ತವೆ. ಹಾಗೆಯೇ ಬಟ್ಟೆಯಲ್ಲಿ ಸುತ್ತಿ ರಿಪೇರಿಯವರ ಬಳಿಗೆ ಒಯ್ದು, ಹಿಂದಿನ ಮುಚ್ಚಳವನ್ನು ತಮ್ಮೆದುರಿಗೇ ತೆಗೆಸಿ ನೋಡುವುದು ಒಳ್ಳೆಯದು. ಮುಚ್ಚಳದ ಮೇಲಿನ ಸಂಖ್ಯೆಯನ್ನೂ ಯಂತ್ರದ ಮೇಲೆ ಕೆತ್ತಿದ ಸಂಖ್ಯೆಯನ್ನೂ ಬರೆದುಕೊಂಡು, ಸಾಧ್ಯವಾದರೆ ಒಂದು ಚಿತ್ರವನ್ನೂ ತೆಗೆದುಕೊಂಡು ಕೊಡಬೇಕು. ಮುಚ್ಚಳದ ಒಳಮೈಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಗೀರಿದ ತಾರೀಖುಗಳು ಕಾಣಬಹುದು. ಹಿಂದೆ ಅದನ್ನು ಬಿಚ್ಚಿದ ರಿಪೇರಿಯವರು ತಂತಮ್ಮ ಗುರುತಿಗೆ ಬರೆದಿಟ್ಟವು. ಈ ಬಾರಿಯ ತಾರೀಖನ್ನೂ ಅವುಗಳ ಕೆಳಗೆ ಗೀರಿಸಬೇಕು.